ಮಳೆ ರಜೆಯ ಜೊತೆಗೆ ಒಂದು ಕಥೆಯನ್ನೂ ಕಳಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಆರಿದ್ರಾ ಮಳೆ ಹಿಡಿಯಿತು ಅಂದರೆ ನಮ್ಮ ಮಲೆನಾಡಿನ ಕಡೆ ಬೆಳಿಗ್ಗೆ ಎದ್ದವರು ಮೊದಲು ಕೇಳುವುದು ಒಂದೇ ಮಾತು, ಇವತ್ತು ರಜೆ ಇದ್ಯಾ ಇಲ್ವಾ ಅಂತ. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕಿನ ಅಂಗನವಾಡಿ, ಶಾಲೆಗಳಿಗೆ ರಜೆ ಎಂಬ ಆದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ರಜೆ ಕೊಡುವುದು ಸರಿಯೇ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲೇ ಸುರಿಯುತ್ತದೆ. ಹಳ್ಳದ ಮೇಲಿನ ಕಾಲುಸಂಕ (ಕಿರುಸೇತುವೆ) ದಾಟಿ ಮಕ್ಕಳು ಬರುವ ಊರಿನಲ್ಲಿ ಹಳ್ಳ ತುಂಬಿದ ದಿನ ಯಾರೂ ಹಟ ಮಾಡಬಾರದು. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಬರೆಯುತ್ತಿರುವುದು ಆ ಆದೇಶದಲ್ಲಿ ಇಲ್ಲದೇ ಹೋಗುವ ಒಂದು ವಿಷಯದ ಬಗ್ಗೆ.

ತಪ್ಪಿದ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ತರಗತಿ ನಡೆಸಿ ಸರಿದೂಗಿಸಿಕೊಳ್ಳಬೇಕು ಅಂತ ಶಾಲೆಗಳಿಗೆ ಹೇಳುತ್ತಾರೆ. ದೊಡ್ಡ ಮಕ್ಕಳಿಗೆ ಹಾಗೆ ಆಗಬಹುದು. ಮೂರು ವರ್ಷದ, ನಾಲ್ಕು ವರ್ಷದ ಮಗುವಿಗೆ? ಅದರ ಬಗ್ಗೆ ಯಾರೂ ಒಂದು ಮಾತು ಆಡುವುದಿಲ್ಲ. ಅಂಗನವಾಡಿಗೆ ರಜೆ ಅಂದರೆ ಮಗು ಮನೆಯಲ್ಲಿ ಇರಲಿ ಬಿಡಿ ಅಂತ ಅಷ್ಟೇ ಅರ್ಥ.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಹಳ ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಈಗ ನಿವೃತ್ತಿಯಾಗಿದೆ. ಊರಿನ ಮಕ್ಕಳು ಈಗಲೂ ಅಕ್ಕೋರೇ ಅಂತಲೇ ಕರೆಯುತ್ತಾರೆ. ಆ ಸಲುಗೆಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಂಗನವಾಡಿ ಅಂದರೆ ಜನರಿಗೆ ಉಪ್ಪಿಟ್ಟು, ಮೊಟ್ಟೆ, ಹಾಲು, ತೂಕ ನೋಡುವುದು ಇಷ್ಟೇ ನೆನಪಾಗುತ್ತದೆ. ಅದು ಅರ್ಧ ಮಾತ್ರ. 1975ರ ಅಕ್ಟೋಬರ್ 2ರಂದು ಅಂಗನವಾಡಿ ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾಯಿತಲ್ಲ, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ, ಆವಾಗಿನಿಂದಲೂ ಶಾಲಾಪೂರ್ವ ಶಿಕ್ಷಣ ಅದರ ಒಂದು ಮುಖ್ಯ ಸೇವೆ. 3ರಿಂದ 6 ವರ್ಷದ ಮಕ್ಕಳಿಗೆ ಹಾಡು, ಆಟ, ಕಥೆ, ಮಾತು. ನನ್ನನ್ನು ಕೇಳಿದರೆ ಇದರಲ್ಲಿ ಕಥೆಯೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊರೊನಾ ಬಂದಾಗ ಹಾಡು, ಕಥೆಯ ಈ ಇನ್ನೊಂದು ಅರ್ಧ ಹೇಗೆ ಕಳೆದುಹೋಯಿತು ಅಂತ ಕಣ್ಣಾರೆ ನೋಡಿದೆವು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಅಂಗನವಾಡಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ನವೆಂಬರ್‌ನಲ್ಲಿ. ಆಹಾರ ಸಾಮಗ್ರಿಯನ್ನು ನಾವು ಕಾರ್ಯಕರ್ತೆಯರು, ಸಹಾಯಕಿಯರು ಮನೆಮನೆಗೆ ತಲುಪಿಸಿದೆವು. ಒಂದನೇ ಕ್ಲಾಸಿನಿಂದ ಮೇಲಿನವರಿಗೆ ವಿದ್ಯಾಗಮ ಬಂತು, ಮೇಷ್ಟರುಗಳು ಜಗಲಿ, ದೇವಸ್ಥಾನ, ಮರದ ಕೆಳಗೆ ಅಂತ ಸಿಕ್ಕಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಚಂದನ ಟಿ.ವಿಯಲ್ಲಿ ಪಾಠ ಬಂತು. 2020ರ ನವೆಂಬರ್ 14ರಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಶುರುವಾಯಿತು, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು, ನಿಜವಾಗಿ ಒಳ್ಳೆಯ ಕೆಲಸ. ಆದರೆ ಅದೂ 6ರಿಂದ 18 ವರ್ಷದವರಿಗೆ. ಈ ಯೋಜನೆಗಳೆಲ್ಲ ಆರನೇ ವರ್ಷದಿಂದಲೇ ಶುರುವಾದವು. ನಮ್ಮ ಊರಿನಲ್ಲಿ ಆರರ ಕೆಳಗಿನ ಮಗುವಿಗೆ ಅಕ್ಕಿ ಬೇಳೆ ಮನೆಗೆ ಬಂತು, ಕಥೆ ಬರಲಿಲ್ಲ.

ಹಾಗಂತ ಆರರ ಕೆಳಗೆ ಏನೂ ನಡೆಯುವುದಿಲ್ಲ ಅಂತಲ್ಲ. ಮಿದುಳಿನ ಬೆಳವಣಿಗೆ ಶೇ 85ಕ್ಕಿಂತ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದ್ದಾರೆ. ಬರೆದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕು ಅಲ್ವಾ?

ಕೊರೊನಾ ಹೋಯಿತು ಅಂತ ಸುಮ್ಮನಿರುವ ಹಾಗಿಲ್ಲ. ಮಲೆನಾಡಿನಲ್ಲಿ ಬಾಗಿಲು ಮುಚ್ಚುವುದು ಪ್ರತಿ ವರ್ಷದ ಕಥೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಈ ನಾಲ್ಕು ಮಳೆಯಲ್ಲಿ ಯಾವುದು ಯಾವಾಗ ಜೋರಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಆದೇಶ ಬರುವುದು ಒಂದು ದಿನಕ್ಕೆ, ಎರಡು ದಿನಕ್ಕೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಆದೇಶ ಇಲ್ಲದ ದಿನವೂ ದಾರಿಯಲ್ಲಿ ಮರ ಬಿದ್ದಿರುತ್ತದೆ, ದರೆ ಕುಸಿದಿರುತ್ತದೆ, ಮಗುವಿಗೆ ಶೀತ ಜ್ವರ ಇರುತ್ತದೆ. ನಮ್ಮಂಥ ಊರಿನಲ್ಲಿ ಜುಲೈ ತಿಂಗಳು ಹೀಗೇ ಹೋಗುತ್ತದೆ. ಜೂನ್‌ನಲ್ಲಿ ಹೊಸದಾಗಿ ಸೇರಿದ ಮಗು, ಅಮ್ಮನ ಸೆರಗು ಬಿಟ್ಟು ಆಗಷ್ಟೇ ನಾಲ್ಕು ಮಾತು ಆಡಲು ಶುರು ಮಾಡಿದ್ದು, ಮತ್ತೆ ಮನೆಯಲ್ಲಿ ಕೂತು ಆಗಸ್ಟ್‌ನಲ್ಲಿ ಬಂದಾಗ ಮೊದಲಿನ ಹಾಗೆ ಬಾಗಿಲಲ್ಲಿ ನಿಂತು ಅಳುತ್ತದೆ. ಇದನ್ನು ನಮ್ಮ ಭಾಗದ ಯಾವ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ.

ಮನೆಯ ಸ್ಥಿತಿಯನ್ನೂ ನೋಡಿ. ರಜೆ ಬರುವುದೇ ಕೆಲಸದ ತುರ್ತಿನಲ್ಲಿ. ಅಗೆ ಕಿತ್ತು ನಾಟಿ ಮಾಡುವ ಕಾಲ ಅದು. ಗದ್ದೆಗೆ ಹೋಗುವ ಹೆಂಗಸರು ಬೆಳಿಗ್ಗೆ ಮಳೆಗೆ ತಲೆ ಮೇಲೆ ಗೊರಬು ಹಾಕಿಕೊಂಡು ಹೊರಟರೆ ಬರುವುದು ಸಂಜೆಗೆ. ಅಡಿಕೆ ತೋಟದವರಿಗೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ಚಿಂತೆ. ಸುಣ್ಣ, ಮೈಲುತುತ್ತ ತಂದಿಟ್ಟುಕೊಂಡು ಮಳೆ ನಿಂತು ಎರಡು ಗಂಟೆ ಹೊಳವಾದರೆ ಸಾಕು ಅಂತ ಆಕಾಶ ನೋಡುತ್ತಾ ಕೂತಿರುತ್ತಾರೆ, ಹೊಳವಾದ ಕೂಡಲೇ ಮನೆಮಂದಿಯೆಲ್ಲ ತೋಟದಲ್ಲಿ. ಮನೆಯಲ್ಲಿ ಉಳಿಯುವುದು ಅಜ್ಜಿ, ಮಗು, ಕೊಟ್ಟಿಗೆಯ ದನ. ಹೊರಗೆ ಬಿಟ್ಟರೆ ಉಂಬಳ (ಜಿಗಣೆ), ಜಾರುವ ಅಂಗಳ, ತುಂಬಿದ ಬಾವಿ. ಹಾಗಾಗಿ ಮಗುವನ್ನು ಒಳಗೇ ಕೂರಿಸಬೇಕು. ಹೇಗೆ ಕೂರಿಸುತ್ತಾರೆ? ಮೊಬೈಲ್ ಕೊಟ್ಟು. ಕರೆಂಟ್ ಇರುವಷ್ಟು ಹೊತ್ತು ಟಿ.ವಿ.

ನಾನು ಅಮ್ಮಂದಿರನ್ನು ಬೈಯುತ್ತಿಲ್ಲ. ಬೈಯುವವರು ಒಂದು ದಿನ ಬಂದು ಆ ಮನೆಯ ಕೆಲಸ ಮಾಡಿ ನೋಡಲಿ. ಆದರೆ ವಿಷಯ ಏನು ಅಂತ ಅವರಿಗೂ ಗೊತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಸಲಹೆ ಕೊಟ್ಟಿತು. ಒಂದು ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ. ಎರಡು ವರ್ಷ ತುಂಬಿದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು. ಇಷ್ಟು ಹೇಳಿ ಬಿಟ್ಟಿಲ್ಲ. ಮಗು ಕೂತಿರುವ ಹೊತ್ತಿನಲ್ಲಿ ದೊಡ್ಡವರು ಅದಕ್ಕೆ ಓದಿ ಹೇಳಬೇಕು, ಕಥೆ ಹೇಳಬೇಕು ಅಂತ ಅದೇ ಸಲಹೆಯಲ್ಲಿ ಇದೆ. ಮೊಬೈಲ್ ಕೊಡಬೇಡಿ ಅಂತ ಹೇಳುವುದು ಸುಲಭ, ಅದರ ಜಾಗದಲ್ಲಿ ಏನು ಕೊಡಬೇಕು ಅಂತ ಹೇಳಬೇಕಲ್ಲ. ಅದು ಕಥೆ. ಕಾಸು ಬೇಡ, ಕರೆಂಟ್ ಬೇಡ, ಟವರ್ ಸಿಗಬೇಕು ಅಂತಿಲ್ಲ. ಹಲಸಿನ ಬೀಜ ಸುಲಿಯುತ್ತಾ ಹೇಳಬಹುದು, ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾ ಹೇಳಬಹುದು.

ಕಥೆ ಮಗುವಿನಲ್ಲಿ ಏನು ಮಾಡುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಕಾಗಕ್ಕ ಗುಬ್ಬಕ್ಕನ ಕಥೆ ಎಲ್ಲರಿಗೂ ಗೊತ್ತು. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ದೊಡ್ಡ ಮಳೆ ಬಂತು, ಕಾಗಕ್ಕನ ಮನೆ ಕೊಚ್ಚಿಹೋಯಿತು. ನೆನೆದುಕೊಂಡು ಬಂದು ಬಾಗಿಲು ತಟ್ಟುತ್ತದೆ, “ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು ತೆಗಿ.” ಗುಬ್ಬಕ್ಕ ಒಳಗಿನಿಂದ, “ತಡಿ, ಮಗೂಗೆ ಸ್ನಾನ ಮಾಡಿಸ್ತಾ ಇದೀನಿ.” ಮತ್ತೆ ತಟ್ಟುತ್ತದೆ. “ತಡಿ, ಮಗೂಗೆ ಹಾಲು ಕುಡಿಸ್ತಾ ಇದೀನಿ.” ಮತ್ತೆ ತಟ್ಟುತ್ತದೆ. “ತಡಿ, ಮಗೂನ ಮಲಗಿಸ್ತಾ ಇದೀನಿ.” ಮಲೆನಾಡಿನ ಮಗುವಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ ಹೇಳಿ. ಹೊರಗೆ ಅದೇ ಮಳೆ, ಹೆಂಚಿನ ಮೇಲೆ ಅದೇ ಸದ್ದು.

ಮೊದಲ ಸಲ ಹೇಳಿದಾಗ ಮಗು ಸುಮ್ಮನೆ ಬಾಯಿ ಬಿಟ್ಟುಕೊಂಡು ಕೇಳುತ್ತದೆ. ಎರಡನೇ ದಿನ ಬಾಗಿಲು ತಟ್ಟುವ ಜಾಗ ಬರುತ್ತಿದ್ದ ಹಾಗೆ ಅದರ ಕೈ ನೆಲ ತಟ್ಟುತ್ತದೆ. ಆಮೇಲೆ “ತಡಿ” ಅನ್ನುವುದು ಅದೇ. ಇನ್ನೂ ನಾಲ್ಕು ದಿನ ಹೋದರೆ ಗುಬ್ಬಕ್ಕ ಮಗುವಿಗೆ ಏನೇನು ಮಾಡಿಸುತ್ತಿದೆ ಅಂತ ಮಗುವೇ ಸೇರಿಸುತ್ತದೆ, ತಲೆ ಬಾಚ್ತಾ ಇದೀನಿ, ಜಡೆ ಹಾಕ್ತಾ ಇದೀನಿ, ಟೋಪಿ ಹಾಕ್ತಾ ಇದೀನಿ. ಬೆಳಿಗ್ಗೆ ಅದರ ಅಮ್ಮ ಅದಕ್ಕೆ ಏನು ಮಾಡಿದಳೋ ಅದೆಲ್ಲ ಕಥೆಯೊಳಗೆ ಬಂದುಬಿಡುತ್ತದೆ, ಒಂದಾದ ಮೇಲೆ ಒಂದು, ಸರಿಯಾದ ಕ್ರಮದಲ್ಲಿ. ಒಂದು ಹುಡುಗಿ ಇದ್ದಳು, ಬಹಳ ದಿನ ಬಾಯೇ ಬಿಡದವಳು. ಒಂದು ದಿನ ಕಥೆಯ ಮಧ್ಯೆ ನನ್ನನ್ನು ತಡೆದು, “ಕಾಗಕ್ಕಂಗೆ ಕಂಬಳಿ ಕೊಟ್ರಾ?” ಅಂತ ಕೇಳಿದಳು. ಆ ಕಥೆಯಲ್ಲಿ ಕಂಬಳಿ ಇಲ್ಲ. ನೆನೆದು ಬಂದವರಿಗೆ ಕಂಬಳಿ ಕೊಡಬೇಕು ಅಂತ ಅವಳ ಮನೆಯಲ್ಲಿ ನೋಡಿದ್ದಳು. ಆವತ್ತಿನಿಂದ ನಮ್ಮ ಅಂಗನವಾಡಿಯ ಕಾಗಕ್ಕನಿಗೆ ಕಂಬಳಿ ಬಂತು.

ಮಾತು, ನೆನಪು, ಕ್ರಮ, ಇನ್ನೊಬ್ಬರ ಕಷ್ಟ ತಿಳಿಯುವುದು, ಎಲ್ಲ ಅಷ್ಟರಲ್ಲೇ ಇದೆ. ಮೊಬೈಲಿನಲ್ಲಿ ಇದೇ ಕಥೆ ಬಣ್ಣಬಣ್ಣವಾಗಿ ಸಿಗಬಹುದು, ಆದರೆ ಅದು ಮಗು ಕೈ ತಟ್ಟುವವರೆಗೆ ಕಾಯುವುದಿಲ್ಲ. ಕಂಬಳಿ ಕೇಳಿದರೆ ತಂದು ಕೊಡುವುದೂ ಇಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದಿನಾ ಕಥೆ ಹೇಳುವ ಮನೆಯಲ್ಲಿ ಮಗುವಿಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ, ಮಾತು ತಡವಾಗುತ್ತಿದೆ ಅನ್ನುವುದು ಬೇಗ ಗೊತ್ತಾಗುತ್ತದೆ. ಎಲ್ಲ ಮಕ್ಕಳೂ ನಗುವ ಜಾಗದಲ್ಲಿ ಒಂದು ಮಗು ನಗುವುದಿಲ್ಲ, ಬೆನ್ನ ಹಿಂದಿನಿಂದ ಹೇಳಿದರೆ ತಿರುಗುವುದಿಲ್ಲ. ಅಂಥದ್ದು ಕಂಡರೆ ದೊಡ್ಡವನಾದ ಮೇಲೆ ಸರಿಹೋಗುತ್ತಾನೆ ಅಂತ ಬಿಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದು ಇಂಥ ಮಕ್ಕಳನ್ನು ತಪಾಸಣೆ ಮಾಡುತ್ತದೆ, ಮುಂದಿನ ಆಸ್ಪತ್ರೆಗೆ ಕಳಿಸಿಕೊಡುತ್ತದೆ.

ಈಗ ಅಮ್ಮಂದಿರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. “ಅಕ್ಕೋರೇ, ನಂಗೆ ಕಥೆ ಹೇಳಕ್ಕೆ ಬರಲ್ಲ.” ತಾಯಂದಿರ ಸಭೆಯಲ್ಲಿ ಪ್ರತಿ ಸಲ ಕೇಳಿದ ಮಾತು ಇದು. ಓದು ಬರಹ ಬಾರದವರು ಮಾತ್ರ ಅಲ್ಲ, ಡಿಗ್ರಿ ಮಾಡಿದವರೂ ಹೀಗೇ ಹೇಳುತ್ತಾರೆ. ಕಥೆ ಅಂದರೆ ರಾಜ ರಾಣಿ ಇರಬೇಕು, ಕೊನೆಗೆ ನೀತಿ ಇರಬೇಕು, ಪುಸ್ತಕದ ಕನ್ನಡದಲ್ಲಿ ಹೇಳಬೇಕು ಅಂತ ತಿಳಿದಿದ್ದಾರೆ.

ಶುಂಠಿ ಕೆಲಸಕ್ಕೆ ಹಾವೇರಿ ಕಡೆಯಿಂದ ಬಂದಿದ್ದ ಒಂದು ಕುಟುಂಬ ನಮ್ಮ ಊರಿನ ಹತ್ತಿರ ಶೆಡ್ ಹಾಕಿಕೊಂಡಿತ್ತು. ಆ ತಾಯಿಯೂ ಮೊದಲು ಹೀಗೇ ಅಂದಳು. ನಿಮ್ಮ ಊರಲ್ಲಿ ಏನೇನಿದೆ ಅಂತ ಮಗಳಿಗೆ ಹೇಳು ಮಾರಾಯ್ತಿ, ಅವಳು ಇಲ್ಲಿನ ಕಾಡು ಬಿಟ್ಟು ಬೇರೆ ಏನೂ ನೋಡಿಲ್ಲ ಅಂದೆ. ಅವಳು ತನ್ನ ಅಪ್ಪನ ಎತ್ತಿನ ಬಗ್ಗೆ ಶುರು ಮಾಡಿದಳು. ಎತ್ತಿಗೆ ಒಂದು ಕೋಡು ಸೊಟ್ಟ. ಕಾರಹುಣ್ಣಿಮೆಗೆ ಬಣ್ಣ ಹಚ್ಚಲು ಹೋದರೆ ತಲೆ ಅಲ್ಲಾಡಿಸಿ ಎಲ್ಲರ ಮೈಗೂ ಬಣ್ಣ ಮಾಡುತ್ತಿತ್ತಂತೆ. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ದಿನಾ ಸಂಜೆ, “ಯವ್ವಾ, ಸೊಟ್ಟ ಕೋಡಿಂದು ಹೇಳು” ಅಂತ ಹಟ. ಅದೇ ಕಥೆ. ಅಮ್ಮ ಚಿಕ್ಕವಳಿದ್ದಾಗ ಏನು ಮಾಡಿದಳು, ಅಜ್ಜ ಹೇಗೆ ಮರದಿಂದ ಬಿದ್ದ, ದನ ಯಾಕೆ ಮನೆಗೆ ಬರಲಿಲ್ಲ, ಇದಕ್ಕಿಂತ ಹೆಚ್ಚು ಇಷ್ಟದಿಂದ ಮಕ್ಕಳು ಬೇರೆ ಯಾವುದನ್ನೂ ಕೇಳುವುದಿಲ್ಲ.

ಮನೆಯಲ್ಲಿ ಯಾವ ಮಾತು ಆಡುತ್ತೀರೋ ಅದರಲ್ಲೇ ಹೇಳಿ. ನಮ್ಮ ಜಿಲ್ಲೆಯಲ್ಲಿ ಕನ್ನಡ ಆಡುವ ಮನೆಯಲ್ಲೇ ಎಷ್ಟೊಂದು ಬಗೆಯ ಕನ್ನಡ ಇದೆ. ಉರ್ದು, ಕೊಂಕಣಿ, ತುಳು, ಬ್ಯಾರಿ, ಲಂಬಾಣಿ, ತಮಿಳು, ಮಲಯಾಳಂ ಆಡುವ ಮನೆಗಳೂ ಇವೆ. ಇಂಗ್ಲಿಷ್ ಮೀಡಿಯಂಗೆ ಸೇರಿಸುತ್ತೇವೆ, ಈಗಲೇ ಇಂಗ್ಲಿಷ್‌ನಲ್ಲೇ ಕಥೆ ಹೇಳಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅಜ್ಜಿಯ ಬಾಯಲ್ಲಿ ಸರಾಗವಾಗಿ ಬರುವ ಮಾತೇ ಮಗುವಿಗೆ ಬೇಕಾದದ್ದು. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗು ಇನ್ನೊಂದನ್ನು ಸುಲಭವಾಗಿ ಕಲಿಯುತ್ತದೆ.

ದಿನಾ ಹೊಸ ಕಥೆ ಹುಡುಕಬೇಕು ಅಂತಲೂ ಇಲ್ಲ. ಒಂದೇ ಕಥೆಯನ್ನು ಒಂದು ವಾರ ಹೇಳಿ, ಮಗುವಿಗೆ ಬೇಜಾರಾಗುವುದಿಲ್ಲ, ಬೇಜಾರಾಗುವುದು ನಮಗೆ. ಒಂದು ಮಾತು ಬಿಟ್ಟರೆ ಅದು ಹಿಡಿದು ಕೇಳುತ್ತದೆ. ಹೂಂ ಅನ್ನಿಸಿಕೊಂಡು ಹೇಳಿ. ಮಗು ಹೂಂಗುಟ್ಟದೆ ನಮ್ಮ ಅಜ್ಜಿಯಂದಿರು ಮುಂದೆ ಹೋಗುತ್ತಿರಲಿಲ್ಲ, ಮಗು ಕೇಳುತ್ತಿದೆಯೋ ನಿದ್ದೆ ಹೋಯಿತೋ ಅಂತ ಅದರಿಂದಲೇ ಗೊತ್ತಾಗುತ್ತಿತ್ತು. ಕಥೆ ಮುಗಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. ಇದರಿಂದ ಏನು ತಿಳೀತು ಹೇಳು ಅಂತ ಪೀಡಿಸಬೇಡಿ, ದಯವಿಟ್ಟು. ಇನ್ನೂ ಮಾತು ಬಾರದ ಕೂಸಿಗೂ ಹೇಳಿ. ಅದು ನಿಮ್ಮ ಮುಖ ನೋಡುತ್ತದೆ, ದನಿ ಕೇಳುತ್ತದೆ, ಅಷ್ಟು ಸಾಕು.

ಅಪ್ಪಂದಿರ ವಿಷಯ. ಮಳೆಗಾಲದ ಸಂಜೆ ಕೆಲಸ ಮುಗಿಸಿ ಬಂದು ಒಲೆ ಮುಂದೆ ಕೂತು ಮೊಬೈಲ್ ನೋಡುವ ಹೊತ್ತಿನಲ್ಲಿ ಹತ್ತು ನಿಮಿಷ ಮಗುವಿಗೆ ಕೊಡಬಹುದು. ತೋಟದಲ್ಲಿ ಕಂಡ ಕೆಂಜಳಿಲಿನ ಬಗ್ಗೆ ಹೇಳಿದರೂ ಆಯಿತು. ನಮ್ಮ ಗಂಡಸರಿಗೆ ಕಥೆ ಬರುವುದಿಲ್ಲ ಅಂತ ನಾನು ನಂಬುವುದಿಲ್ಲ. ಯಕ್ಷಗಾನ ನೋಡಿ ಬಂದು ಮಾರನೇ ದಿನ ಇಡೀ ಪ್ರಸಂಗವನ್ನು ಕುಣಿದು ತೋರಿಸುವ ಊರು ನಮ್ಮದು.

ಇಷ್ಟೆಲ್ಲ ಮನೆಯವರೇ ಮಾಡಿಕೊಳ್ಳಲಿ, ಇಲಾಖೆ ಆರಾಮಾಗಿರಲಿ ಅಂತ ನಾನು ಹೇಳುತ್ತಿಲ್ಲ. ಅಮ್ಮಂದಿರಿಗೆ ಯಾರಾದರೂ ಕೈ ಹಿಡಿದು ಶುರು ಮಾಡಿಸಬೇಕು. ಅದಕ್ಕೇ ಈ ಪತ್ರ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರಲ್ಲಿ ನನ್ನ ಮನವಿ ಇದು. ಅಂಗನವಾಡಿಗೆ ರಜೆ ಅಂತ ಆದೇಶ ಹೋಗುವ ವಾಟ್ಸಾಪ್ ಗುಂಪುಗಳಲ್ಲೇ ಒಂದು ಕಥೆಯೂ ಹೋಗಲಿ. ವಿಡಿಯೊ ಬೇಡ, ಮೂರ್ನಾಲ್ಕು ನಿಮಿಷದ ಧ್ವನಿ ಸಂದೇಶ ಸಾಕು, ನೆಟ್‌ವರ್ಕ್ ಸರಿ ಇಲ್ಲದ ಊರಲ್ಲೂ ಹೇಗೋ ಬಂದು ಬೀಳುತ್ತದೆ. ರಜೆ ಹಿಂದಿನ ದಿನ ಸಂಜೆಯೇ ಗೊತ್ತಾದರೆ ಸಂಜೆಯೇ ಕಳಿಸಿ. ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ: ಇದು ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೇಳಿಸುವುದಕ್ಕೆ ಅಲ್ಲ. ಅಮ್ಮನೋ ಅಜ್ಜಿಯೋ ಅಣ್ಣನೋ ಕೇಳಿಸಿಕೊಂಡು, ಮೊಬೈಲ್ ಬದಿಗಿಟ್ಟು, ತಮ್ಮ ಬಾಯಲ್ಲಿ ಹೇಳುವುದಕ್ಕೆ. ಮನೆಯಲ್ಲಿ ಮೂರು ನಾಲ್ಕನೇ ಕ್ಲಾಸಿನ ಅಕ್ಕ ಅಣ್ಣ ಇದ್ದರೆ ಅವರಿಗೇ ಈ ಜವಾಬ್ದಾರಿ ಕೊಡಿ, ಅವರಿಗೂ ಆವತ್ತು ರಜೆಯೇ ತಾನೆ.

ಕಥೆ ಹೇಳುವವರು ಬೆಂಗಳೂರಿನಿಂದ ಬರಬೇಕಾಗಿಲ್ಲ. ನಮ್ಮಲ್ಲೇ ಚೆನ್ನಾಗಿ ಕಥೆ ಹೇಳುವ ಕಾರ್ಯಕರ್ತೆಯರು, ಸಹಾಯಕಿಯರು ಇದ್ದಾರೆ. ಸೋಬಾನೆ ಹೇಳುವ ಅಜ್ಜಿಯರಿದ್ದಾರೆ. ದೀಪಾವಳಿಗೆ ಅಂಟಿಗೆ ಪಂಟಿಗೆ ಹಿಡಿದು ರಾತ್ರಿಯೆಲ್ಲ ಹಾಡುವವರಿದ್ದಾರೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತು ಯಕ್ಷಗಾನ ಕಲಾವಿದರಲ್ಲಿ ಅನೇಕರು ಮನೆಯಲ್ಲೇ ಇರುತ್ತಾರೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇದೆ, ಶಿವಮೊಗ್ಗದಲ್ಲಿ ರಂಗಾಯಣ ಇದೆ, ಎರಡೂ ನಾಟಕದ ಸಂಸ್ಥೆಗಳು. ದನಿ ಹೇಗೆ ಬಳಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಕಾರ್ಯಕರ್ತೆಯರಿಗೆ ಎರಡು ದಿನ ಹೇಳಿಕೊಡುವವರು ಇಷ್ಟು ಹತ್ತಿರ ಇರುವ ಜಿಲ್ಲೆ ಬೇರೆ ಯಾವುದಿದೆ?

ಆಕಾಶವಾಣಿ ಭದ್ರಾವತಿ 1965ರಿಂದ ನಮ್ಮ ಜೊತೆಗಿದೆ. ಮಲೆನಾಡಿನ ಎಷ್ಟೋ ಮನೆಯಲ್ಲಿ ರೇಡಿಯೊ ಈಗಲೂ ಅಡಿಗೆ ಮನೆಯಲ್ಲಿ ಕೂತಿದೆ, ತೋಟದ ಕೆಲಸದವರ ಮೊಬೈಲಿನಲ್ಲೂ ಎಫ್‌ಎಂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ದಿನಾ ಒಂದೇ ಹೊತ್ತಿಗೆ, ಬಹಳ ಚಿಕ್ಕ ಮಕ್ಕಳಿಗಾಗಿಯೇ, ಐದು ನಿಮಿಷದ ಒಂದು ಕಥೆ ಹಾಕಿದರೆ ಎಷ್ಟು ಮನೆಗೆ ತಲುಪುತ್ತದೆ ಯೋಚಿಸಿ. ಟವರ್ ಬಿದ್ದುಹೋದ ದಿನವೂ ತಲುಪುತ್ತದೆ.

ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಆರರ ಕೆಳಗಿನ ಮಕ್ಕಳ ಮನೆಯವರಿಗೂ ಕೊಡಬೇಕು, ಮಳೆಗಾಲ ಶುರುವಾಗುವ ಮೊದಲೇ ಎರಡು ಚಿತ್ರ ಪುಸ್ತಕ ಮನೆಗೆ ಒಯ್ಯಲು ಬಿಡಬೇಕು. ಹರಿದರೆ ಹರಿಯಲಿ. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ತೆಗೆದುಕೊಂಡು ಹಂಚಲೂ ಅವಕಾಶ ಇದೆ. ಪಂಚಾಯಿತಿಯಲ್ಲಿ ಪ್ರಿಂಟರ್ ಇದೆ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬರು ಒಂದು ಕಥೆ ಹೇಳಲಿ, ಉಳಿದವರು ಕಲಿತುಕೊಂಡು ಹೋಗಲಿ.

ಒಂದು ಎಚ್ಚರಿಕೆಯ ಮಾತು. ಇದನ್ನು ಕಾರ್ಯಕರ್ತೆಯರ ತಲೆ ಮೇಲೆ ಇನ್ನೊಂದು ಹೊರೆಯಾಗಿ ಹೊರಿಸಬೇಡಿ. ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬುವುದು, ಸಮೀಕ್ಷೆ, ಚುನಾವಣೆ ಕೆಲಸ ಅಂತ ಅವರಿಗೆ ಈಗಲೇ ಉಸಿರಾಡಲು ಹೊತ್ತಿಲ್ಲ. ಕಥೆ ಹೇಳಿದ ಫೋಟೊ ಹಾಕಿ, ಎಷ್ಟು ಮಕ್ಕಳು ಕೇಳಿದರು ವರದಿ ಕೊಡಿ ಅಂತ ಶುರುವಾದರೆ ಕಥೆ ಅಲ್ಲಿಗೇ ಸತ್ತುಹೋಗುತ್ತದೆ. ಅಮ್ಮಂದಿರೂ ಫೋಟೊಗಾಗಿ ಮಗುವನ್ನು ಕೂರಿಸುತ್ತಾರೆ. ಕಳಿಸಿ, ಆಮೇಲೆ ಅವರ ಪಾಡಿಗೆ ಬಿಡಿ. ಮುಂದಿನ ತಾಯಂದಿರ ಸಭೆಯಲ್ಲಿ ಯಾವ ಕಥೆ ಮಗುವಿಗೆ ಇಷ್ಟವಾಯಿತು ಅಂತ ಬಾಯಿಮಾತಲ್ಲಿ ಕೇಳಿದರೆ ಸಾಕು.

ಮೊಬೈಲೂ ಇಲ್ಲದ, ರೇಡಿಯೊವೂ ಇಲ್ಲದ ಮನೆಗಳನ್ನು ಮರೆಯಬಾರದು. ಕಾಫಿ ಎಸ್ಟೇಟಿನ ಕೂಲಿಕಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ, ಶುಂಠಿ ಶೆಡ್ಡುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಏಳೆಂಟು ವರ್ಷದ ಅಕ್ಕ ತಂಗಿಯನ್ನು ನೋಡಿಕೊಳ್ಳುತ್ತಿರುತ್ತಾಳೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರೆ, ಅಂಥ ವ್ಯವಸ್ಥೆ ಈ ಕೂಲಿಕಾರರ ಮಕ್ಕಳಿಗೂ ಬೇಕು. ಅದು ಬರುವವರೆಗೆ, ಎಸ್ಟೇಟಿನ ಮಾಲೀಕರು ಮಳೆಗಾಲದಲ್ಲಿ ಲೈನಿನ ಒಂದು ಅಜ್ಜಿಗೆ ಅರ್ಧ ದಿನದ ಕೂಲಿ ಕೊಟ್ಟು ಮಕ್ಕಳನ್ನೆಲ್ಲ ಒಂದು ಕಡೆ ಕೂರಿಸಿಕೊಂಡು ಕಥೆ ಹೇಳು ಅಂದರೆ ಅವರಿಗೆ ಅದು ದೊಡ್ಡ ಖರ್ಚಲ್ಲ. ಕೂಲಿಕಾರರ ಮಕ್ಕಳು ಹಳ್ಳದ ಬದಿಗೆ ಹೋಗುವುದೂ ತಪ್ಪುತ್ತದೆ.

ಕೊನೆಯದಾಗಿ ನಿಮ್ಮ ಪತ್ರಿಕೆಗೇ ಒಂದು ಮನವಿ. ಮಳೆಗಾಲದಲ್ಲಿ ಶಿವಮೊಗ್ಗ ಪುಟದಲ್ಲಿ ರಜೆಯ ಸುದ್ದಿ ಹಾಕುವ ದಿನ, ಅದರ ಪಕ್ಕದಲ್ಲೇ ಒಂದು ಪುಟ್ಟ ಕಥೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ. ಅಜ್ಜಿಗೆ ಕನ್ನಡಕ ಇಲ್ಲದಿದ್ದರೂ ಓದುವ ಹಾಗಿರಲಿ. ದೊಡ್ಡವರು ಓದಿ ಹೇಳುವಂಥದ್ದು, ಎರಡು ಮೂರು ವರ್ಷದ ಮಗುವಿಗೆ ಅರ್ಥವಾಗುವಂಥದ್ದು. ನಿಮ್ಮ ಪತ್ರಿಕೆ ಬಸ್ಸಿನಲ್ಲಿ ನಮ್ಮ ಊರಿಗೆ ಬರುವುದು ತಡವಾದರೂ ಬರುತ್ತದೆ. ನೀವು ಹಾಕುವುದಾದರೆ ನಮ್ಮ ಸುತ್ತಮುತ್ತಲಿನ ಅಜ್ಜಿಯರನ್ನು ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸುವ ಕೆಲಸ ನನಗಿರಲಿ. ಮುಂದಿನ ಜೂನ್‌ಗೆ ಮೊದಲೇ ಕಳಿಸಿಕೊಡುತ್ತೇನೆ.

ಇತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ